ನಲವತ್ತು ಗ್ರಾಂ

ದಾಲ್ ಮಿಲ್ಲಿನ ಕಾಟಾದ ಮುಂದ
ಹದಿನಾಕು ವರ್ಷ ನಿಂತವ ನಾ.
ಕ್ವಿಂಟಲ್‌ಗೆ ನೂರು ಗ್ರಾಂ ಅತ್ತಿತ್ತ ಆದ್ರ
ಯಾರೂ ಕೇಳಂಗಿಲ್ಲ.
ಉದುರಿದ ತೊಗರಿ ಕಸಬರಿಗಿ ಪಾಲು.

ಕಲಬುರಗಿ ದವಾಖಾನಿ, ಮೂರನೇ ಮಾಳಿಗಿ,
ಗಾಜಿನಾಚೆ ನೀ.
ಎದಿ ಮ್ಯಾಲಿನ ಪಟ್ಟಿ ನನ್ನ ಹೆಬ್ಬೆರಳಷ್ಟು ಉದ್ದ,
ಮೂಗಿನಾಗ ನಳಿಗಿ.
ನಿಮ್ಮವ್ವ ಹಿಂಡಿ ಕೊಟ್ಟ ಹಾಲು
ಸಿರಿಂಜಿನಾಗ ಐದು ಎಮ್ಮೆಲ್,
ಗೆರಿ ಗೆರಿ ದಾಟಿ ಕೆಳಗಿಳಿತದ.
ಇಲ್ಲಿ ನಾ ಉಗುಳು ನುಂಗತೀನಿ.

ಹನ್ನೊಂದನೇ ದಿನ
ಸಿಸ್ಟರ್ ಸುಗಲಾಬಾಯಿ ತೂಗಿ ಬಂದು ಅಂದ್ರು:
'ನಲವತ್ತು ಗ್ರಾಂ ಏರ್ಯಾನ.'

ಅಂಗೈ ತೆರೆದು ನೋಡಿಕೊಂಡೆ.
ಒಂದು ಹಿಡಿ ಬ್ಯಾಳಿ. ಅಷ್ಟೇ.
ಎಷ್ಟು ಸಲ ತುಳಕೊಂತ ನಡದೀನಿ
ಅದರ ಮ್ಯಾಲ.

ಅವತ್ತು ಲಿಫ್ಟ್ ಬಿಟ್ಟು
ಮೆಟ್ಟಿಲ ಇಳದೆ,
ಚಪ್ಪಲಿ ಕೈಯಾಗ ಹಿಡಕೊಂಡು.