ಖರೀಫ್

ಮಸ್ಕತ್ತಿನಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲಿ
ನಲವತ್ತು ಪ್ಲಾಸ್ಟಿಕ್ ಎಲೆ, ಕೆಂಪು, ಕಿತ್ತಳೆ, ಕಂದು;
ನಾವ್ಯಾರೂ ಕಂಡಿರದ ಓಕ್ ಮರದ ಕಾಯಿ ಹನ್ನೆರಡು;
ಜೊತೆಗೊಂದು ಹಾಳೆ:
ಶರತ್ಕಾಲದ ವಾರ. ಮಕ್ಕಳು ಮುಟ್ಟಿ ಕಲಿಯಲಿ.

ಸಲಾಲಾದಲ್ಲಿ ಸೆಪ್ಟೆಂಬರ್ ಕೊನೆ.
ಕಿಟಕಿಯಾಚೆ ಗುಡ್ಡ ಇನ್ನೂ ಹಸಿರು ಹೊದ್ದು ಕೂತಿದೆ.
ಮೂರು ತಿಂಗಳ ಜಿಟಿಜಿಟಿ ಮೊನ್ನೆಯಷ್ಟೇ ನಿಂತು
ಕೆಜಿ ತರಗತಿಯ ಗೋಡೆಗೆ ಬಿಸಿಲು ಒರಗಿದೆ.

ಇಲ್ಲಿಯವರು ಆ ಮಳೆಗೇ ಖರೀಫ್ ಎನ್ನುತ್ತಾರೆ.
ಅರಬ್ಬಿ ನಿಘಂಟು ತೆರೆದರೆ: ಖರೀಫ್, ಎಲೆಯುದುರುವ ಕಾಲ.
ಬ್ಯಾಡಗಿಯ ಕೃಷಿ ಕಚೇರಿಯಲ್ಲಿ ನನ್ನಪ್ಪ
ಶಾಯಿ ಪೆನ್ನಿನಲ್ಲಿ ತುಂಬುತ್ತಿದ್ದ ಉದ್ದ ಫಾರಮ್ಮಿನಲ್ಲಿ
ಖಾರಿಫ್ ಅಂದರೆ ಹೆಸರು, ಮೆಕ್ಕೆಜೋಳ, ಬಿತ್ತನೆ.
ಒಂದೇ ಪದ, ಮೂರು ಹವೆ.
ಮಕ್ಕಳಿಗೆ ಯಾವುದನ್ನು ಹೇಳಲಿ?

ಹೇಳಲಿಲ್ಲ. ಕೈಗೆ ಕೊಟ್ಟೆ.
ಮುಸಲ್ಲಮ್ ಎಲೆಯನ್ನು ಮೂಸಿ "ಇದು ಚಪ್ಪಲಿ" ಎಂದ.
ಜೆರಿಕೊ ಕಾಯಿ ಎಣಿಸುತ್ತ ಏಳರಿಂದ ಹತ್ತಕ್ಕೆ ಹಾರಿದ.
ಆಯಾ ಕುಸುಮಾವತಿ ಹಿತ್ತಿಲಿಗೆ ಹೋಗಿ
ಬೇವು, ಪಪ್ಪಾಯಿ, ಹರಿದ ಬಾಳೆ, ಕಾಡುಬಾದಾಮಿ
ಮಡಿಲು ತುಂಬ ತಂದು ಸುರಿದಳು.
ಕಾಗದದಡಿ ಎಲೆಯಿಟ್ಟು, ಕ್ರೇಯಾನ್ ಅಡ್ಡ ಹಿಡಿದು ತಿಕ್ಕಿದರೆ
ನರನರವೂ ಎದ್ದು ಬಂತು, ಮುದುಕಿಯ ಮುಂಗೈಯಂತೆ.
ಕೆಂಪು ಬಳಿಯಿರಿ, ಎನ್ನುತ್ತಿತ್ತು ಹಾಳೆ.
ಕೆಂಪನ್ನು ಯಾರೂ ಮುಟ್ಟಲಿಲ್ಲ; ಹಸಿರು ಮುರಿದು ಮೂರು ತುಂಡಾಗಿ
ಮೂವರ ಅಳು.

ಕೊನೆಗೆ ಹಾಳೆಯ ಪ್ರಶ್ನೆ ಕೇಳಿದೆ, ಇಂಗ್ಲಿಷಿನಲ್ಲಿ:
ಈ ಕಾಲದಲ್ಲಿ ಏನೇನು ಉದುರುತ್ತದೆ?
"ಮಂಜು," ಎಂದಳು ತುಫೂಲ್, "ನನ್ನ ರೆಪ್ಪೆಯ ಮೇಲೆ."
"ಒಂಟೆ," ಎಂದ ಮುಸಲ್ಲಮ್. ಕೆಸರಲ್ಲಿ ಕಾಲು ಜಾರುತ್ತದಂತೆ,
ಅದಕ್ಕೇ ಅಜ್ಜ ಅವನ್ನು ಬಯಲಿಗಿಳಿಸಿದ್ದು,
ನಿನ್ನೆ ಮತ್ತೆ ಗುಡ್ಡ ಹತ್ತಿಸಿದ್ದು.
ಒಂಟೆ ಉದುರುವುದಿಲ್ಲ ಕಣೋ, ಬೀಳುತ್ತದೆ
ಎನ್ನಲು ಕನ್ನಡ ಬೇಕಿತ್ತು. ನುಂಗಿಕೊಂಡೆ.
ಜೆರಿಕೊ ಮಾತಾಡಲಿಲ್ಲ, ಬಾಯಿ ತೆರೆದು ತೋರಿಸಿದ:
ಕೆಳಸಾಲಿನಲ್ಲೊಂದು ಹೊಸ ಕಿಂಡಿ.

ಮಧ್ಯಾಹ್ನ ಕುಸುಮಾವತಿ ಗುಡಿಸಿ, ಎಣಿಸಿ, ಪೆಟ್ಟಿಗೆ ತುಂಬಿದಳು.
ಮೂವತ್ತೊಂಬತ್ತು.
ಮೇಜಿನಡಿ ಇಲ್ಲ, ಚೀಲದ ಗೂಡುಗಳಲ್ಲಿಲ್ಲ.
ಮುಸಲ್ಲಮನ ಜೇಬು ಮಾತ್ರ ಬಸ್ಸು ಹತ್ತಿ ಹೋಗಿಯಾಗಿತ್ತು.
ನಾಳೆ ಇದು ಬೇರೆ ಶಾಲೆಗೆ ಹೋಗಬೇಕು.
ವಾಪಸಾತಿ ಪಟ್ಟಿಯಲ್ಲಿ "ಕಾರಣ" ಎಂಬ ಖಾನೆ;
ಅಪ್ಪನ ಹಾಗೆ ಅಕ್ಷರ ಬಲಕ್ಕೆ ವಾಲಿಸಿ ಬರೆದೆ:
ಒಂದು ಉದುರಿದೆ.