ಬಲ ಅರವತ್ತೆಂಟು, ಗುಣ ಸೊನ್ನೆ

ನಲ್ಲಾರ್ಬರ್ ಬಯಲಲ್ಲಿ ಮರವೇ ಇಲ್ಲ.
ಹಾಗಾಗಿ ಮರ ಅಡ್ಡ ಬಂತು ಎನ್ನುವ ಹಾಗಿಲ್ಲ.
ಮೂರು ಸಂಜೆಯಿಂದ ನೆವಿಲ್ ಹೊರಗೆ, ನಾನು ಕ್ಯಾರವಾನಿನ ಒಳಗೆ,
ನಡುವೆ ಕಿಟಕಿಯ ಸಂದಿ, ಸಂದಿಯಲ್ಲಿ ಕಪ್ಪು ಕೇಬಲ್ಲು,
ಮತ್ತೆ ಅದೇ ಮಾತು:

ಬಂತಾ?
ಇಲ್ಲ.
ಈಗ?
ಇಲ್ಲ.
ಈಗ ನೋಡು.
ನೋಡ್ತಾನೇ ಇದೀನಿ ಮಾರಾಯಾ. ಇಲ್ಲ.

ಮೂವತ್ತೆಂಟು ವರ್ಷ ಮೆಲ್ಬರ್ನಿನಲ್ಲಿ ಟ್ರಾಮ್ ಓಡಿಸಿದವನು.
ಎಡಕ್ಕೋ ಬಲಕ್ಕೋ ಎಂದು ಹಳಿಯೇ ಹೇಳುತ್ತಿತ್ತು.
ಈಗ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತಟ್ಟೆ ಕೂರಿಸಿ
ಕೂದಲೆಳೆಯಷ್ಟು ಸರಿಸುತ್ತಾನೆ, ಉಸಿರು ಹಿಡಿದು,
ಮತ್ತೆ ಅರ್ಧ ಕೂದಲೆಳೆಯಷ್ಟು.
ಈಶಾನ್ಯಕ್ಕೆ, ಪುಸ್ತಿಕೆ ಹೇಳಿದಷ್ಟು ಡಿಗ್ರಿಗೆ,
ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ
ಫ್ರಿಜ್ಜಿನಷ್ಟು ದೊಡ್ಡದೋ ಬಸ್ಸಿನಷ್ಟೋ, ನನಗೆ ತಿಳಿಯದು,
ಒಂದು ಪೆಟ್ಟಿಗೆ ಇದೆಯಂತೆ.

ಮೊದಲ ಸಂಜೆ ಕೇಬಲ್ಲನ್ನು ಬೈದೆವು.
ತುದಿಯ ಪಿನ್ನು ಹಸಿರುಗಟ್ಟಿತ್ತು. ಚಾಕುವಿನಿಂದ ಕೆರೆದ.
ರೋಡ್ ಟ್ರೇನಿನ ಚಾಲಕ ಬಲ್ಕಾರ್ ತನ್ನ ಡಬ್ಬಿಯಿಂದ
ಹೊಸ ಕನೆಕ್ಟರ್ ಕೊಟ್ಟ. ದುಡ್ಡು ಮುಟ್ಟಲಿಲ್ಲ,
ಎರಡು ಸ್ಕೋನ್ ತಿಂದ, ಮೂರನೆಯದನ್ನು ಜೇಬಿಗೆ ಹಾಕಿಕೊಂಡ.

ಎರಡನೆಯ ಸಂಜೆ ಕಣಜದ ಮೇಲೆ ಹೊರಿಸಿದೆವು ತಪ್ಪನ್ನು.
ತಟ್ಟೆಯ ಮೂತಿಯ ಮೇಲೆ ಮಣ್ಣಿನ ಗೂಡು ಕಟ್ಟಿತ್ತು ಪಾಪ.
ಪಕ್ಕದ ವ್ಯಾನಿನ ಕೊರ್ನೇಲಿಸ್ ಬಂದ, ಕೈಯಲ್ಲಿ ಬಿಯರು,
ಮೂತಿ ಓರೆ ಮಾಡು ಎಂದ, ಅಷ್ಟಲ್ಲ ಎಂದ,
ತಟ್ಟೆ ನೆಲ ನೋಡ್ತಾ ಇದೆಯಲ್ಲೋ ಎಂದ.
ನೆವಿಲ್ ತಾಳ್ಮೆಯಿಂದ ಹೇಳಿದ:
ಈ ಜಾತಿಯ ತಟ್ಟೆ ನೋಡೋದು ಒಂದು ಕಡೆ, ಕೇಳಿಸಿಕೊಳ್ಳೋದು
ಅದಕ್ಕಿಂತ ಮೇಲಿನದನ್ನ.
ನಿನ್ನ ಹಾಗೇ, ಎಂದೆ ಒಳಗಿನಿಂದ. ಅವನ ಎಡಗಿವಿಗೆ ಬೀಳಲಿಲ್ಲ.

ಮೂರನೆಯ ಸಂಜೆ ಪರದೆಯಲ್ಲಿ ಹಳದಿ ಪಟ್ಟಿ ಸರ್ರನೆ ಎದ್ದಿತು.
ಬಂತು, ಬಂತು! ಬಲ ಅರವತ್ತೆಂಟು!
ಗುಣ?
ಸೊನ್ನೆ.
ಅವನು ತಟ್ಟೆ ಬಿಟ್ಟು ಅಲ್ಲೇ ನೆಲಕ್ಕೆ ಕೂತ.
ಹಾಗಾದರೆ ಅದು ಬೇರೆ ಉಪಗ್ರಹ, ಎಂದ,
ಯಾರದೋ ಮನೆಯ ಬಾಗಿಲು ತಟ್ಟಿ ನಾಚಿದವನ ಹಾಗೆ.

ಆಗ ಕಂಡಿತು ನನಗೆ. ಮೂರು ದಿನದಿಂದಲೂ ಕಾಣುತ್ತಲೇ ಇತ್ತು.
ಮಂಡಿ ನೋವು ಅವನಿಗೆ, ಬಗ್ಗಲಾರ. ಹಾಗಾಗಿ ಪ್ರತಿ ಸಲ
ದಿಕ್ಸೂಚಿಯನ್ನು ಇಡುತ್ತಿದ್ದದ್ದು
ಗ್ಯಾಸ್ ಸಿಲಿಂಡರಿನ ತಲೆಯ ಮೇಲೆ.
ಉಕ್ಕಿನ ಸಿಲಿಂಡರ್. ಎರಡು, ಜೋಡಿಯಾಗಿ.
ಉತ್ತರ ಎಲ್ಲೋ ದೂರ; ಮುಳ್ಳಿಗೆ
ಪಕ್ಕದ ಕಬ್ಬಿಣವೇ ಹೆಚ್ಚು.

ಚಪ್ಪಲಿ ಮೆಟ್ಟಿ ಇಳಿದೆ. ದಿಕ್ಸೂಚಿ ಎತ್ತಿಕೊಂಡು ನಡೆದೆ,
ಹತ್ತು ಹೆಜ್ಜೆ, ಉಪ್ಪುಪೊದೆಗಳ ನಡುವೆ.
ಅಂಗೈಯಲ್ಲಿ ಮುಳ್ಳು ನಡುಗಿ, ಯೋಚಿಸಿ,
ಹದಿನೆಂಟು ಡಿಗ್ರಿ ಪಕ್ಕಕ್ಕೆ ಹೋಗಿ ನಿಂತಿತು.
ನೆವಿಲ್ ಅದನ್ನು ನೋಡಿದ. ಸಿಲಿಂಡರನ್ನು ನೋಡಿದ.
ಕಣಜದ ಗೂಡು ಒಡೆದ ಜಾಗವನ್ನೂ ಒಮ್ಮೆ ನೋಡಿದ.
ಏನೂ ಹೇಳಲಿಲ್ಲ. ನಾನೂ.

ಗುಣ ಅರವತ್ತೊಂದು.
ಪರದೆಯ ತುಂಬ ಹವಾಮಾನದ ಹುಡುಗಿ, ನೀಲಿ ಕೋಟು,
ಖಂಡವನ್ನೆಲ್ಲ ಅಂಗೈಯಲ್ಲಿ ಸವರಿ ಹೇಳುತ್ತಿದ್ದಾಳೆ:
ನಲ್ಲಾರ್ಬರಿನಲ್ಲಿ ಈ ರಾತ್ರಿ ಆಕಾಶ ನಿರ್ಮಲ.

ಕಿಟಕಿಯಿಂದ ಕತ್ತು ಚಾಚಿ ನೋಡಿದೆ. ನಿಜ.
ಅಷ್ಟು ನಕ್ಷತ್ರದ ಕೆಳಗೆ ನೆವಿಲ್
ಸ್ಟ್ಯಾಂಡಿನ ಕಾಲಿಗೊಂದು ಕಲ್ಲು ಹೇರುತ್ತಿದ್ದ, ಗಾಳಿಗೆ ಅಲುಗದಂತೆ.
ಒಳಗೆ ಬಾ, ಸುದ್ದಿ ಮುಗಿಯುತ್ತೆ, ಎಂದೆ.
ಬರಲಿಲ್ಲ. ಇನ್ನೊಂದು ಕಲ್ಲು ಹುಡುಕಿ ತಂದ.
ಸ್ವಲ್ಪ ಹೊತ್ತಿಗೆ ಕತ್ತಲೆಯಿಂದ ಕೇಳಿದ:

ಇದೆಯಾ?

ಇದೆ.