ಬ್ರೆಡ್ಡಿನ ಗಾಡಿ

ಓಣಿ ಓಣಿಗೆ ಬನ್ನು, ಖಾರಿ, ಟೋಸ್ಟು ಹಂಚಿ ದಣದಿತ್ತು.
ಬೇಕರಿ ಹಿಂದ, ಬೇವಿನ ಗಿಡದ ಬುಡಕ,
ಟೈರಿನ ಗಾಳಿ ಹೋಗಿ ಕುಂತಂಗ ನಿಂತಿತ್ತು.
ತೊಂಬತ್ತು ಸಾವಿರ ಅಂದ ಮಾಲಕ.
ನಾನು ಸುಮ್ಮನಿದ್ದೆ.
ಕಾಶವ್ವ ಬಗ್ಗಿ, ಗಾಡಿ ಹೊಟ್ಟಿ ಕೆಳಗ ಕೈಯಾಡಿಸಿ,
ಮುಷ್ಟಿ ತುಂಬ ತುಕ್ಕು ತಂದು
ಅವನ ಗಲ್ಲಾದ ಮ್ಯಾಲ ಸುರುವಿದಳು,
ಜ್ವಾಳದ ನುಚ್ಚು ಅಳದು ಕೊಟ್ಟಂಗ.
ಅರವತ್ತೆಂಟಕ್ಕ ಮುಗೀತು.

ಇಪ್ಪತ್ತೊಂಬತ್ತು ವರ್ಷ ಕರೆಂಟಿನ ಮೀಟರ ಓದಿದಂವ ನಾನು.
ಊರಾಗಿನ ಎಲ್ಲಾ ಮನಿ ಕಟ್ಟಿತನಕ ಹೋಗೇನಿ,
ಒಳಗ ಬಾ ಅಂದವರು ಕಡಿಮಿ.
ಈಗ ನನ್ನ ಮನಿಯಾಗ ನಾನ ನಿಂದರಬೇಕಂದ್ರ
ತಲಿ ಬಗ್ಗಿಸಬೇಕು.
ಒಂಬತ್ತು ಫೂಟು ಉದ್ದ, ಐದು ಅಗಲ.
ಇಬ್ಬರಿಗೂ ಸಿಟ್ಟು ಬಂದರ
ಒಬ್ಬರು ಕೆಳಗ ಇಳೀಬೇಕು.

ಲಾಲಸಾಬ ಮುಜಾವರ ಕಿಡಕಿ ಕೊರದ.
ಕಿಡಿ ಹಾರುವಾಗ ಕಣ್ಣು ಮುಚ್ಚಿಕೊಂಡಿದ್ದೆ;
ತೆರದರ, ತಗಡಿನ ಗ್ವಾಡಿಯೊಳಗ ಒಂದು ಚೌಕ ಆಕಾಶ,
ಅದರಾಗ ಎದುರು ಮನಿಯವರು ಒಣಗ ಹಾಕಿದ ಸೀರಿ.
ಹೊಲಕ್ಕ ಹಂದಿ ಬರದಂಗ ತಂತಿಗೆ ಜಟಕಾ ಕೊಡ್ತಿದ್ದ
ಹಳೇ ಸೋಲಾರ ಪ್ಲೇಟು ನೆತ್ತಿ ಮ್ಯಾಲ ಕುಂತು
ಈಗ ಪಂಖಾ ತಿರಗಸ್ತೈತಿ.
ಪರದೆಗೆ ಗುಳೇದಗುಡ್ಡದ ಖಣದ ತುಂಡು.
ತಗಡಿಗೆ ಥರ್ಮಾಕೋಲು, ಅದರ ಮ್ಯಾಲ ಕೌದಿ;
ಆದರೂ ಏಪ್ರಿಲ್ ಬಿಸಲು ಕೇಳದನ ಒಳಗ ಬರತೈತಿ.
ಸಿಂಕಿಗಂತ ಸ್ಟೀಲ ಪರಾತಕ್ಕ ತೂತು ಹೊಡದೆ.
ಅದು ಆಕಿ ತವರಮನಿ ಆಯೇರಿ.
ಎರಡು ದಿನ ಮಾತಿಲ್ಲ.

ಆರ್‌ಟಿಓ ಆಫೀಸಿನ್ಯಾಗ ಸಾಹೇಬ ಕಾಗದ ತಿರುವಿ ಹಾಕಿ ಕೇಳಿದ:
ಸರಕಿನ ಗಾಡಿ ಅಂತೈತಿ, ಏನು ಸಾಗಸ್ತೀರಿ?
ನಮ್ಮನ್ನ, ಅಂದಳು ಕಾಶವ್ವ.
ನಾಕು ಸರತಿ ಅಡ್ಡಾಡಿಸಿದ.

ರೇಡಿಯೇಟರ ಸೋರಿದರ ಅರಿಶಿಣ ಪುಡಿ ಹಾಕ್ರಿ,
ಮುಂದಿನ ಊರತನಕ ತಡಕೊಂತೈತಿ, ಅಂದಿದ್ದ ಲಾಲಸಾಬ.
ಹಾಕಿದಿವಿ. ಗದ್ದನಕೇರಿ ಕ್ರಾಸಿನ್ಯಾಗ ಉಸರು ಬಿಟ್ಟಾಗ
ರಸ್ತೆ ತುಂಬ ಒಗ್ಗರಣಿ ವಾಸನಿ.
ಮಳಿ ಹನಿ ಬಿದ್ದ ದಿನ ಮಾತ್ರ
ತಗಡು ಹಳೇದೆಲ್ಲ ನೆನಸಿಕೊಂಡು
ಬನ್ನಿನ ವಾಸನಿ ಬಿಡತೈತಿ.

ಮಸಾಲಿ ಡಬ್ಬಿ ಕಪಾಟಕ್ಕ ಹಚ್ಚಿದ್ದು
ನಮ್ಮ ಹಳೇ ಮನಿ ಮಾಡದ ಬಾಗಲ.
ಮುಳುಗಡಿ ಅಂತ ಗ್ವಾಡಿಗೆ ಕೆಂಪು ನಂಬರ ಬರದು ಹೋದಾಗ
ಮಂದಿ ತೊಲಿ, ಜಂತಿ, ಚೌಕಟ್ಟು ಬಿಚ್ಚಿಕೊಂಡು ಹೊಂಟರ
ನಮ್ಮವ್ವ ಇದೊಂದನ್ನ ಮಗ್ಗಲಾಗ ಹಿಡಕೊಂಡು
ನವನಗರದ ಲಾರಿ ಹತ್ತಿದಳು.
ಆ ಮ್ಯಾಲ ಅದು ಇಷ್ಟು ವರ್ಷ ಮಂಚದ ಕೆಳಗ.
ಹಚ್ಚಾಕ ಹೊಸಾ ಮನಿಯಾಗ ಮಾಡ ಇರಲಿಲ್ಲ.
ಅದರ ಅಂಚಿಗೆ ಇನ್ನೂ ದೀಪದ ಎಣ್ಣಿ ಜಿಡ್ಡು ಐತಿ,
ಕಾಶವ್ವ ಒರಸಾಕ ಕೊಡಲಿಲ್ಲ.

ಗೋಕರ್ಣಕ್ಕಂತ ಹೊಂಟಿದ್ದಿವಿ.
ಸ್ಟೇರಿಂಗ ನನ್ನ ಕೈಯಾಗ ಇತ್ತು, ಆಣೆ ಮಾಡಿ ಹೇಳತೀನಿ,
ಆದರೂ ಗಾಡಿ ಹೋಗಿ ನಿಂತಿದ್ದು ಹಿನ್ನೀರಿನ ದಂಡಿಗೆ.
ಆ ಕಡೆ, ನೀರಿನ ನಡುವ, ನಮ್ಮ ಓಣಿ ಇರಬೇಕು.
ಚಹಾ ಕುಡದಿವಿ. ಜಾಲಿ ಗಿಡದಾಗ ಹಕ್ಕಿ ಜಗಳಾಡಿದವು.
ನೀರು ಇನ್ನೊಮ್ಮೆ ಬಂದರ? ಅಂದೆ.
ಗೇರ್ ಹಾಕೂದು, ಅಂದಳು.
ಅದ ಧೈರ್ಯಕ್ಕ ಲೈಟು ಆರಸದನ ಮಲಗಿದಿವಿ.

ಮುಂಜಾನಿ ಕೀಲಿ ತಿರುವಿದರ ಟಕ್ ಅಂತು, ಅಷ್ಟ.
ಬ್ಯಾಟರಿ ಸತ್ತಿತ್ತು.
ನಾನು ಬೈಕೊಂತ ಲಾಲಸಾಬಗ ಫೋನ್ ಹಚ್ಚಿದೆ.
ಆಕಿ ಬಾಗಲದಾಗ ಕುಂತು ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದಳು:
ಇರಲಿ ಬಿಡ್ರಿ, ಮನಿ ಅಂದಮ್ಯಾಲ
ಒಂದ ದಿನಾರ ನಿಂತಲ್ಲೆ ನಿಂದರಬ್ಯಾಡೇನು?
ಆ ವಹಿ ತಗೀರಿ,
ಜಂಪರ್ ಕೇಬಲ್ ಅಂತ ಬರೀರಿ. ಮುನ್ನೂರಾ ಐವತ್ತು.
ಚೌಕಾಸಿ ಮಾಡಿದರ ಮುನ್ನೂರು.